ಇನ್ನೂರ ನಲವತ್ತು ಹೊಸ ಫೋನು, ಒಬ್ಬರೇ ಅಕ್ಕ

ಬೆಳಗಿನ ಐದೂಕಾಲು. ಆಸ್ಪತ್ರೆಯ ನಾಲ್ಕನೇ ಮಹಡಿಯ ಓಣಿಯಲ್ಲಿ ಆಗಷ್ಟೇ ಒರೆಸಿದ ನೆಲ ಇನ್ನೂ ಹಸಿಯಾಗಿದೆ. ಕಿಟಕಿಯಾಚೆ ಕತ್ತಲು ತೆಳ್ಳಗಾಗುತ್ತಿದೆ. ನರ್ಸುಗಳ ಮೇಜಿನ ಮುಂದೆ ನೀಲಿ ಅಂಗಿಯ ಹೆಂಗಸೊಬ್ಬರು ನಿಂತಿದ್ದಾರೆ. ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು, ಕೆಂಪು ಟೇಪಿನ ಸುರುಳಿ. ಮೇಜಿನ ಮೇಲಿರುವ ಕಪ್ಪು ಫೋನಿನ ರಿಸೀವರ್ ಎತ್ತಿ ಎಂಟು-ಎಂಟು ಒತ್ತುತ್ತಾರೆ. ‘ಬೀಪ್’ ಅನ್ನುತ್ತದೆ. ಕೆಳಗೆ ಆಪರೇಟರ್ ಬಳಿ ಮಾತ್ರ ಗಂಟೆ ಹೊಡೆಸುವ ಪರೀಕ್ಷೆಯ ಅಂಕಿ, ಒಂಬತ್ತು-ಒಂಬತ್ತು ಒತ್ತುತ್ತಾರೆ. ಕಾಯುತ್ತಾರೆ.

“ಬಂತಕ್ಕ,” ಎನ್ನುತ್ತದೆ ನೆಲಮಾಳಿಗೆಯ ಎಕ್ಸ್‌ಚೇಂಜ್ ಕೋಣೆಯಲ್ಲಿ ಕುಳಿತ ಆಪರೇಟರ್ ದನಿ.

ರಿಸೀವರ್ ಇಟ್ಟು ಪುಸ್ತಕದಲ್ಲಿ ಒಂದು ಗೀಟು ಹಾಕಿ, ಮುಂದಿನ ವಾರ್ಡಿಗೆ. ಅಲ್ಲೂ ಎಂಟು-ಎಂಟು, ಒಂಬತ್ತು-ಒಂಬತ್ತು. ಈ ಸಲ ಬೀಪ್ ಬಂತು, ಆಮೇಲೆ ಏನೂ ಇಲ್ಲ. ಮತ್ತೆ ಒತ್ತುತ್ತಾರೆ. ಏನೂ ಇಲ್ಲ.

“ನಿನ್ನೆ ಸರಿಯಾಗಿತ್ತು ಇದು. ರಾತ್ರೋರಾತ್ರಿ ತಾನೇ ಅಪ್‌ಡೇಟ್ ಮಾಡ್ಕೊಂಡು ಕೂತಿದೆ. ಯಾರನ್ನ ಕೇಳಿ ಮಾಡ್ಕೊಂಡ್ತು?” ಎನ್ನುತ್ತಲೇ ಕೆಂಪು ಟೇಪು ಹರಿದು ಹೊಸ ಫೋನಿನ ಮೂತಿಗೆ ಅಡ್ಡಡ್ಡ ಅಂಟಿಸುತ್ತಾರೆ. ತಳ್ಳುಗಾಡಿಯಿಂದ ಹಳೆಯ ಬಿಳಿ ಫೋನೊಂದನ್ನು ತೆಗೆದು, ಗೋಡೆಯ ಬುಡದಲ್ಲಿರುವ ಜೋಡಿ ತಂತಿಗೆ ಸಿಕ್ಕಿಸುತ್ತಾರೆ. “ಹೊಸದು ಬಂದಾಗ ಈ ತಂತಿನೆಲ್ಲ ಕಿತ್ತು ಗುಜರಿಗೆ ಹಾಕಿ ಅಂದಿದ್ರು. ಹ್ಞೂಂ ಸಾರ್ ಅಂದೆ. ಒಂದೇ ಒಂದು ತಂತಿ ಕಿತ್ತಿಲ್ಲ.”

ಇಡೀ ಆಸ್ಪತ್ರೆಗೆ ಅವರು ‘ಫೋನಕ್ಕ’. ನಿರ್ದೇಶಕರಿಂದ ಹಿಡಿದು ಗಾಲಿಕುರ್ಚಿ ತಳ್ಳುವವರವರೆಗೆ ಎಲ್ಲರೂ ಕರೆಯುವುದು ಹಾಗೇ. ದೂರವಾಣಿ ವಿಭಾಗದ ಮೆಕ್ಯಾನಿಕ್. ವಿಭಾಗ ಎಂದರೆ ಈಗ ಅವರೊಬ್ಬರೇ. ಒಂದು ಕಾಲಕ್ಕೆ ಐವರಿದ್ದರು. ಒಬ್ಬೊಬ್ಬರು ನಿವೃತ್ತರಾದಂತೆ ಕುರ್ಚಿಗಳನ್ನು ಬೇರೆ ಕೋಣೆಗೆ ಸಾಗಿಸಿದರೇ ಹೊರತು ಕುರ್ಚಿಗೆ ಜನರನ್ನು ತರಲಿಲ್ಲ. ಅಕ್ಕನ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು.

ಐದು ಮಹಡಿ, ಆರುನೂರಕ್ಕೂ ಮಿಕ್ಕಿ ಫೋನು. ಅದರಲ್ಲಿ ಹೊಸವು ಇನ್ನೂರ ನಲವತ್ತು. ತುರ್ತು ಕರೆಗೆಂದೇ ಗುರುತು ಮಾಡಿರುವ ಅರವತ್ತಮೂರು ಫೋನುಗಳನ್ನು ದಿನಾ ಬೆಳಿಗ್ಗೆ ಏಳರೊಳಗೆ ಅವರು ಒಂದೊಂದಾಗಿ ಎತ್ತಿ ನೋಡುತ್ತಾರೆ. ಏಳರ ನಂತರ ಡಾಕ್ಟರುಗಳು ಬಂದರೆ ಒಂದು ಫೋನೂ ಕೈಗೆ ಸಿಗುವುದಿಲ್ಲ. ದಿನಕ್ಕೆ ಎರಡು ಮೂರಾದರೂ ಕೆಂಪು ಟೇಪು ಹಚ್ಚಿಸಿಕೊಳ್ಳುತ್ತವೆ. ಮೊನ್ನೆ ಒಂದೇ ಬೆಳಿಗ್ಗೆ ಹನ್ನೊಂದು. ಇಷ್ಟನ್ನು ಮಾಡು ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದವರಿಗೆ ಇದೊಂದು ಕೆಲಸವೆಂದು ಗೊತ್ತೇ ಇಲ್ಲ.

ಅಕ್ಕನ ತಂದೆ ಇದೇ ಆಸ್ಪತ್ರೆಯಲ್ಲಿ ಲೈನ್‌ಮನ್ ಆಗಿದ್ದವರು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಅವರ ಬದಲಿಗೆ ಮಗಳಿಗೆ ಕೆಲಸ ಸಿಕ್ಕಿತು. ಇಪ್ಪತ್ತಮೂರು ವಯಸ್ಸು. ಮೊದಲ ಎರಡು ವರ್ಷ ಅವರಿಗೆ ಕೊಟ್ಟಿದ್ದು ಕಡತ ಜೋಡಿಸುವ ಕೆಲಸ, ಜೊತೆಗೆ ಎಲ್ಲರಿಗೂ ಟೀ ತರುವುದು. “ಹೆಣ್ಣುಮಗಳು ಏಣಿ ಹತ್ತೋದುಂಟಾ ಅಂತಿದ್ರು. ಟೀ ತಗೊಂಡು ಹೋಗೋದು ಎಕ್ಸ್‌ಚೇಂಜ್ ಕೋಣೆಗೇ ತಾನೆ? ಲೋಟ ಇಟ್ಟು ಅಲ್ಲೇ ನಿಂತ್ಕೊಂಡು ನೋಡ್ತಿದ್ದೆ. ಯಾವ ಕಾರ್ಡ್ ಎಲ್ಲಿ ಕೂರುತ್ತೆ, ಬೆಸುಗೆ ಹೇಗೆ ಹಾಕ್ತಾರೆ, ಎಲ್ಲಾ. ಒಂದಿನ ನಾಲ್ಕೂ ಜನ ರಜೆ, ಆಪರೇಷನ್ ಥಿಯೇಟರ್ ಲೈನ್ ಸತ್ತಿತ್ತು. ನಾನು ಸರಿ ಮಾಡಿದೆ. ಮಾರನೇ ದಿನದಿಂದ ಟೀ ಅವರವರೇ ತಗೊಂಡ್ರು.”

ಗಂಡ ಬಸ್ಸುಗಳ ಎಂಜಿನ್ ಬಿಚ್ಚಿ ಕಟ್ಟುವವರು. “ನಮ್ಮನೇಲಿ ಫೋನ್ ಹೊಡ್ಕೊಂಡ್ರೆ ಇವಳು ಎತ್ತಲ್ಲ ಕಣ್ರೀ. ಅಲ್ಲಿ ನೋಡಿದ್ರೆ ಹೊಡ್ಕೊಳ್ಳದೇ ಇರೋ ಫೋನ್ ಎಲ್ಲಾ ಎತ್ತಿ ಎತ್ತಿ ಇಡ್ತಾಳೆ,” ಎಂದು ನಗುತ್ತಾರೆ. ಅಕ್ಕ ನಗುವುದಿಲ್ಲ. ಅವರ ಸಿಟ್ಟಿಗೆ ಕಾರಣವಿದೆ.

ಎರಡು ವರ್ಷದ ಹಿಂದೆ ಆಸ್ಪತ್ರೆಗೆ ಹೊಸ ಫೋನು ತರುವುದೆಂದು ತೀರ್ಮಾನವಾಯಿತು. ಇವು ಕಂಪ್ಯೂಟರಿನ ಕೇಬಲ್ಲಿನಲ್ಲಿ ಓಡುವ ಐಪಿ ಫೋನುಗಳು. ಹಳೆಯ ಎಕ್ಸ್‌ಚೇಂಜ್ ಹಾಗೇ ಇರುತ್ತದೆ, ಎರಡನ್ನೂ ಜೋಡಿಸಲು ನಡುವೆ ಒಂದು ಪುಟ್ಟ ಪೆಟ್ಟಿಗೆ ಕೂರಿಸುತ್ತಾರೆ ಎಂದರು. ಸುದ್ದಿ ಅಕ್ಕನ ಕಿವಿಗೆ ಬಿದ್ದದ್ದು ಆದೇಶ ಹೊರಟ ಮೇಲೆ, ಅದೂ ಉಗ್ರಾಣದ ಗುಮಾಸ್ತನ ಬಾಯಿಂದ. ಆಡಳಿತಾಧಿಕಾರಿಯ ಕೋಣೆಗೆ ಹೋಗಿ ಕೇಳಿದರು: “ಸಾರ್, ಎಲ್ಲಾ ತರೋಕೆ ಮುಂಚೆ ಒಂದೇ ಒಂದು ಫೋನ್ ತರಿಸಿ. ನಮ್ಮ ಎಕ್ಸ್‌ಚೇಂಜಿಗೆ ಹೊಂದುತ್ತಾ ಇಲ್ವಾ ನೋಡ್ತೀನಿ.”

ಆಡಳಿತಾಧಿಕಾರಿ ಕಾಗದದಿಂದ ತಲೆಯನ್ನೂ ಎತ್ತಲಿಲ್ಲ. “ಫೋನ್ ಅಂದ್ರೆ ಫೋನ್ ಅಲ್ವೇನಮ್ಮ? ಅದರಲ್ಲಿ ಹೊಂದೋದೇನು, ಬಿಡೋದೇನು?”

ಅವತ್ತು ಎಕ್ಸ್‌ಚೇಂಜ್ ಕೋಣೆಗೆ ಮರಳಿ ಅಕ್ಕ ಒಂದು ಕಾಗದ ಬರೆದರು. ಹೊಸ ಫೋನಿನಿಂದ ಮಾತು ಕೇಳಿಸಿದರೆ ಸಾಲದು. ಕರೆ ಸೇರಿದ ಮೇಲೆ ಒತ್ತುವ ಅಂಕಿ ಹಳೆಯ ಎಕ್ಸ್‌ಚೇಂಜಿಗೆ ತಲುಪುತ್ತದೆಯೇ ನೋಡಬೇಕು. ಕರೆಂಟು ಹೋದರೆ ಹಳೆಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿ ಇದೆ, ಹೊಸದಕ್ಕೆ ಏನಿದೆ ನೋಡಬೇಕು. ಕಾಗದ ಇಷ್ಟೇ. ಕಚೇರಿಯಲ್ಲಿ ಕೊಟ್ಟು, ತಾರೀಖಿನ ಮೊಹರು ಹಾಕಿಸಿಕೊಂಡು, ಎರಡು ಪ್ರತಿ ತಮ್ಮ ಬಳಿ ಇಟ್ಟುಕೊಂಡರು. ಉತ್ತರ ಬರಲಿಲ್ಲ. ಫೋನುಗಳು ಬಂದವು.

ಕಂಪನಿಯ ಹುಡುಗರು ಮೂರೇ ದಿನದಲ್ಲಿ ಎಲ್ಲವನ್ನೂ ಜೋಡಿಸಿದರು. ಪರೀಕ್ಷೆ ಎಂದರೆ ಒಬ್ಬ ಒಂದನೇ ಮಹಡಿಯಲ್ಲಿ, ಇನ್ನೊಬ್ಬ ಐದನೆಯದರಲ್ಲಿ. “ಹಲೋ, ಕೇಳಿಸ್ತಿದೆಯಾ?” “ಕೇಳಿಸ್ತಿದೆ.” ಮುಗಿಯಿತು. ಮಾರನೆಯ ದಿನ ನಿರ್ದೇಶಕರು ಹೊಸ ಫೋನಿನಲ್ಲಿ ಮಾತಾಡುವ ಫೋಟೋ ತೆಗೆಸಿಕೊಂಡರು. ಆ ಚೌಕಟ್ಟಿನಲ್ಲಿ ಅಕ್ಕ ಇಲ್ಲ. ಅವರು ಆಗ ಕೆಳಗೆ ಎಕ್ಸ್‌ಚೇಂಜ್ ಕೋಣೆಯಲ್ಲಿ, ಗೊಂದಲಕ್ಕೆ ಬಿದ್ದ ಹಳೆಯ ನಂಬರುಗಳ ಪಟ್ಟಿ ಬಿಡಿಸುತ್ತಿದ್ದರು.

ಆಸ್ಪತ್ರೆಯಲ್ಲಿ ರೋಗಿಯ ಜೀವಕ್ಕೆ ಅಪಾಯ ಬಂದರೆ ನರ್ಸ್ ಎಂಟು-ಎಂಟು ಒತ್ತಬೇಕು. ಎಕ್ಸ್‌ಚೇಂಜ್ ತಾನೇ ಕರೆ ತೆಗೆದುಕೊಂಡು ಬೀಪ್ ಅನ್ನುತ್ತದೆ. ಆಗ ವಾರ್ಡಿನ ಎರಡಂಕಿ ಒತ್ತಿದರೆ ಸರಿ, ಧ್ವನಿವರ್ಧಕಗಳಲ್ಲಿ ಆ ವಾರ್ಡಿನ ಹೆಸರು ಮೊಳಗಿ ತುರ್ತು ತಂಡ ಓಡಿ ಬರುತ್ತದೆ. ಹಳೆಯ ಫೋನಿನಲ್ಲಿ ಅಂಕಿ ಒತ್ತಿದರೆ ತಂತಿಯೊಳಗೆ ಒಂದು ಸದ್ದು ಹೋಗುತ್ತದೆ, ಎಕ್ಸ್‌ಚೇಂಜ್ ಆ ಸದ್ದನ್ನು ಕೇಳಿ ಅಂಕಿ ಗುರುತಿಸುತ್ತದೆ. ಹೊಸ ಫೋನು ಸದ್ದು ಕಳಿಸುವುದಿಲ್ಲ. ಬೀಪ್ ಬಂದ ಮೇಲೆ ಒತ್ತಿದ ಅಂಕಿಯನ್ನು ಬೇರೆ ಚೀಟಿಯಲ್ಲಿ ಬರೆದಂತೆ, ಮಾತಿನಿಂದ ಪ್ರತ್ಯೇಕವಾಗಿ ಕಳಿಸುತ್ತದೆ. ನಡುವಿನ ಪೆಟ್ಟಿಗೆ ಆ ಚೀಟಿ ಓದಿ ಸದ್ದು ಮಾಡಿ ಹೇಳಬೇಕು. ಹಾಗೆ ಹೇಳು ಎಂದು ಆ ಪೆಟ್ಟಿಗೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊಸ ಫೋನು ಜೋಡಿಸಿದ ಹತ್ತೊಂಬತ್ತನೆಯ ದಿನ. ಮಧ್ಯಾಹ್ನದ ಊಟದ ಹೊತ್ತು. ಮೂರನೇ ಮಹಡಿಯ ಹೆರಿಗೆ ವಾರ್ಡಿನಲ್ಲಿ ಆಗಷ್ಟೇ ಹೆತ್ತ ತಾಯಿಯೊಬ್ಬಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ಬಟ್ಟೆ ಹೊಲಿದು ಬದುಕುವ ಹೆಣ್ಣುಮಗಳು, ಚೊಚ್ಚಲ ಹೆರಿಗೆ. ವಾರ್ಡಿನಲ್ಲಿದ್ದ ನರ್ಸ್ ಎಂಟು-ಎಂಟು ಒತ್ತಿದಳು. ಬೀಪ್ ಬಂತು. ಮೂರು-ಒಂದು ಒತ್ತಿದಳು. ಧ್ವನಿವರ್ಧಕ ಉಸಿರೆತ್ತಲಿಲ್ಲ. ಮತ್ತೆ ಒತ್ತಿದಳು. ಒಂದು ಕೈಯಲ್ಲಿ ರಿಸೀವರ್, ಇನ್ನೊಂದು ಕೈ ಬಾಣಂತಿಯ ಹೊಟ್ಟೆಯ ಮೇಲೆ. ಮೂರನೇ ಸಲವೂ ಆಗದಾಗ ಬಾಣಂತಿಯ ತಾಯಿಯ ಕೈಯನ್ನೇ ಆ ಹೊಟ್ಟೆಯ ಮೇಲಿಟ್ಟು, ಗಟ್ಟಿಯಾಗಿ ಒತ್ತಿಹಿಡಿಯಿರಿ ಎಂದು ಹೇಳಿ, ಎರಡು ಮಹಡಿ ಇಳಿದು ತುರ್ತು ತಂಡದ ಕೋಣೆಗೆ ಓಡಿದಳು. ತಂಡ ಬರುವ ಹೊತ್ತಿಗೆ ಒಂಬತ್ತು ನಿಮಿಷ ಕಳೆದಿತ್ತು.

ಬಾಣಂತಿ ಬದುಕಿದಳು. ಗರ್ಭಕೋಶ ತೆಗೆಯಬೇಕಾಯಿತು. ಮೂರು ವಾರ ತೀವ್ರ ನಿಗಾದಲ್ಲಿದ್ದಳು. ಮಗುವನ್ನು ಎತ್ತಿಕೊಂಡದ್ದು ಇಪ್ಪತ್ತೆರಡನೆಯ ದಿನ.

ಮಾರನೆಯ ಬೆಳಿಗ್ಗೆ ಆಪರೇಟರನ್ನು ಅಮಾನತು ಮಾಡಿದರು.

ಹೊಸ ಫೋನುಗಳ ದಾಖಲೆಯಲ್ಲಿ ‘ಕರೆ ಸ್ವೀಕರಿಸಲಾಗಿದೆ’ ಎಂದಿತ್ತು. ಮೂರು ಕರೆ, ಮೂರೂ ಸ್ವೀಕೃತ. ಕರೆ ತೆಗೆದುಕೊಂಡದ್ದು ಎಕ್ಸ್‌ಚೇಂಜ್ ಎಂಬ ಯಂತ್ರ ಎಂಬುದು ಮೇಲಿನವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಯಾರೋ ಎತ್ತಿದ್ದಾರೆ, ಎತ್ತಿಯೂ ಸುಮ್ಮನಿದ್ದಾರೆ ಎಂದು ತೀರ್ಮಾನಿಸಿದರು. ಆಪರೇಟರಿಗೆ ಹುಟ್ಟಿನಿಂದ ಕಣ್ಣು ಕಾಣಿಸುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಬೋರ್ಡಿನ ಮುಂದೆ ಕೂತವರು, ಆರುನೂರು ನಂಬರು ಬಾಯಿಪಾಠ. ಓಣಿಯಲ್ಲಿ ಯಾರೋ ಅವರಿಗೆ ಕೇಳಿಸುವಂತೆಯೇ ಅಂದರಂತೆ, ಕಾಣದೇ ಇರೋರನ್ನ ಕೂರಿಸಿದ್ರೆ ಇನ್ನೇನಾಗುತ್ತೆ ಅಂತ.

“ನಾನು ಅಲ್ಲೇ ಇದ್ದೆ,” ಎನ್ನುತ್ತಾರೆ ಅಕ್ಕ. “ಆ ತಮ್ಮ ಕೋಲು ಮಡಚಿಕೊಂಡು, ಗೋಡೆ ಹಿಡ್ಕೊಂಡು ಹೊರಗೆ ಹೋದ. ನನಗೆ ಎಷ್ಟು ಉರೀತು ಅಂದ್ರೆ, ಮೈಯೆಲ್ಲಾ ಬೆಂಕಿ. ಕಾಣದೇ ಇರೋರು ಯಾರು? ನಾನು ಬರೆದುಕೊಟ್ಟ ಕಾಗದ ಕಾಣದೇ ಇದ್ದಿದ್ದು ಯಾರಿಗೆ?”

ಆಪರೇಟರ್ ಅಕ್ಕನಿಗೆ ಹೇಳಿದ್ದು ಒಂದೇ ಮಾತು: “ಅಕ್ಕ, ನನ್ನ ಬೋರ್ಡಿಗೆ ಕರೆಯೇ ಬಂದಿಲ್ಲ.” ಅಷ್ಟು ಸಾಕಾಯಿತು. ಮರುದಿನ ನಸುಕಿನಲ್ಲಿ ಅಕ್ಕ ಹೆರಿಗೆ ವಾರ್ಡಿಗೆ ಹೋಗಿ ಅದೇ ಫೋನಿನಿಂದ ಒತ್ತಿ ನೋಡಿದರು. ಬೀಪ್, ಆಮೇಲೆ ಮೌನ. ಪಕ್ಕದಲ್ಲೇ ಹಳೆಯ ಫೋನು ಸಿಕ್ಕಿಸಿ ಒತ್ತಿದರು, ಕೆಳಗೆ ಗಂಟೆ ಹೊಡೆಯಿತು. ಐದೂ ಮಹಡಿ ಸುತ್ತಿ ಬಂದರು. ಇನ್ನೂರ ನಲವತ್ತರಲ್ಲಿ ಒಂದೂ ಅಂಕಿ ತಲುಪಿಸಲಿಲ್ಲ. ಇಪ್ಪತ್ತು ದಿನ ಇಡೀ ಆಸ್ಪತ್ರೆ ಬಾಯಿ ಕಟ್ಟಿಸಿಕೊಂಡು ಕೂತಿತ್ತು, ಯಾರಿಗೂ ಸುಳಿವಿರಲಿಲ್ಲ.

ಎಲ್ಲ ವಾರ್ಡಿನಲ್ಲೂ ಒಂದೊಂದು ಹಳೆಯ ಫೋನು ಅವತ್ತೇ ಮತ್ತೆ ಸಿಕ್ಕಿಸಿದರು. ವಿಷಯ ಹೇಳಲು ಹೋದರೆ ಆಡಳಿತಾಧಿಕಾರಿ, “ತನಿಖಾ ಸಮಿತಿ ಆಗಿದೆ, ಅಲ್ಲಿ ನೋಡ್ತಾರೆ,” ಎಂದರು. ಸಮಿತಿಯಲ್ಲಿ ಫೋನು ಮಾರಿದ ಕಂಪನಿಯ ಎಂಜಿನಿಯರ್ ಇದ್ದರು. ಫೋನು ನೋಡಿಕೊಳ್ಳುವ ಮೆಕ್ಯಾನಿಕ್ ಇರಲಿಲ್ಲ.

ಸಮಿತಿ ಕೂತ ದಿನ ಅಕ್ಕ ಕರೆಯದೇ ಒಳಗೆ ಹೋದರು. ಒಂದು ಕಂಕುಳಲ್ಲಿ ಹಳೆಯ ಫೋನು, ಇನ್ನೊಂದರಲ್ಲಿ ಹೆರಿಗೆ ವಾರ್ಡಿನ ಹೊಸ ಫೋನು. ತುರ್ತು ತಂಡಕ್ಕೆ ಮೊದಲೇ ಹೇಳಿಟ್ಟಿದ್ದರು, ಸಭಾಂಗಣದ ಹೆಸರು ಕೂಗಿದರೆ ಓಡಿ ಬರಬೇಡಿ ಎಂದು.

“ಏನಮ್ಮ ಇದು? ಮೀಟಿಂಗ್ ನಡೀತಿದೆ,” ಎಂದರು ಆಡಳಿತಾಧಿಕಾರಿ.

“ಎರಡೇ ನಿಮಿಷ ಸಾರ್,” ಎಂದು ಅಕ್ಕ ಎರಡೂ ಫೋನುಗಳನ್ನು ಮೇಜಿನ ಮೇಲಿಟ್ಟು ಜೋಡಿಸಿದರು. ಹಳೆಯದರಲ್ಲಿ ಎಂಟು-ಎಂಟು, ಆಮೇಲೆ ಸಭಾಂಗಣದ ಅಂಕಿ. ತಲೆಯ ಮೇಲಿನ ಧ್ವನಿವರ್ಧಕ ಎಲ್ಲರೂ ಬೆಚ್ಚುವಂತೆ ಕೂಗಿತು: “ತುರ್ತು, ಸಭಾಂಗಣ. ತುರ್ತು, ಸಭಾಂಗಣ.” ಅದನ್ನು ನಿಲ್ಲಿಸಿ, ಹೊಸ ಫೋನನ್ನು ಕಂಪನಿ ಎಂಜಿನಿಯರ್ ಮುಂದೆ ತಳ್ಳಿದರು. “ನೀವೇ ಒತ್ತಿ.”

ಎಂಜಿನಿಯರ್ ಒತ್ತಿದರು. ಬೀಪ್ ಬಂತು. ಅಂಕಿ ಒತ್ತಿದರು. ಧ್ವನಿವರ್ಧಕ ತೆಪ್ಪಗಿತ್ತು. ಮತ್ತೆ ಒತ್ತಿದರು. ಆಮೇಲೆ ಫೋನಿನ ಹಿಂಭಾಗ ತಿರುಗಿಸಿ ನೋಡತೊಡಗಿದರು.

“ಹಿಂದೆ ಏನೂ ಇಲ್ಲ,” ಎಂದರು ಅಕ್ಕ. “ಕಾಯೋಣ.”

ಎಲ್ಲರೂ ಕೂತರು. ಗೋಡೆ ಗಡಿಯಾರದ ಮುಳ್ಳು ಕದಲುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಯಾರೋ ಕೆಮ್ಮಿದರು. ಯಾರೋ ಕನ್ನಡಕ ಒರೆಸಿದರು. ಎರಡು ನಿಮಿಷವೂ ಆಗಿರಲಿಲ್ಲ, ಆಡಳಿತಾಧಿಕಾರಿ ಕುರ್ಚಿಯಲ್ಲಿ ಕದಲಿ, “ಸಾಕಮ್ಮ, ಗೊತ್ತಾಯ್ತು. ಎಷ್ಟು ಹೊತ್ತು ಹೀಗೆ ಕೂರೋದು?” ಎಂದರು.

“ಒಂಬತ್ತು ನಿಮಿಷ ಸಾರ್. ಆ ಹೆಣ್ಣುಮಗಳು ಒಂಬತ್ತು ನಿಮಿಷ ಕಾದಳು. ಅವಳಿಗೆ ರಕ್ತ ಹೋಗ್ತಿತ್ತು. ನಿಮಗೇನು ಹೋಗ್ತಿದೆ?”

ಅಕ್ಕ ಮೊಹರು ಬಿದ್ದ ಕಾಗದದ ಪ್ರತಿಯನ್ನು ನಿರ್ದೇಶಕರ ಮುಂದಿಟ್ಟು ಹೊರಗೆ ಬಂದರು.

ತಪ್ಪು ಸರಿಪಡಿಸಲು ಎಂಜಿನಿಯರಿಗೆ ಹಿಡಿದದ್ದು ಹದಿನೈದು ನಿಮಿಷ. ನಡುವಿನ ಪೆಟ್ಟಿಗೆಯಲ್ಲಿ ಒಂದು ಆಯ್ಕೆ ಬದಲಿಸಬೇಕಿತ್ತು, ಅಷ್ಟೇ. “ಹದಿನೈದು ನಿಮಿಷದ ಕೆಲಸ ರೀ,” ಎಂದು ಅಕ್ಕ ಬೆರಳು ಮಡಚಿ ತೋರಿಸುತ್ತಾರೆ. “ಅದನ್ನ ಮೊದಲೇ ಮಾಡಿದ್ರೆ ಆ ಹುಡುಗಿ ಮೈ ಕುಯ್ಯಬೇಕಾಗಿರಲಿಲ್ಲ.” ಅದಾದ ಮೇಲೆ ವಾರ್ಡುಗಳಿಂದ ಹಳೆಯ ಫೋನುಗಳನ್ನು ಮತ್ತೆ ತೆಗೆಸಿದರು. ಆದರೆ ಹೊಸವು ತಮಗೆ ತಾವೇ ಹೊಸ ತಂತ್ರಾಂಶ ಇಳಿಸಿಕೊಂಡಾಗಲೆಲ್ಲ ಒಂದೆರಡು ಮತ್ತೆ ಹಳೆಯ ಚಾಳಿಗೆ ಬೀಳುತ್ತವೆ. ಕಂಪನಿಗೆ ಅಕ್ಕ ಬರೆದ ದೂರುಗಳು ಇಪ್ಪತ್ತಾರು. ಬಂದ ಉತ್ತರ: ‘ನಿಮ್ಮ ಎಕ್ಸ್‌ಚೇಂಜ್ ಹಳೆಯದಾಗಿದೆ.’ ಎಕ್ಸ್‌ಚೇಂಜಿಗೆ ಮೂವತ್ತು ವರ್ಷ. ಮೂವತ್ತು ವರ್ಷದಲ್ಲಿ ಒಂದು ತುರ್ತು ಕರೆಯನ್ನೂ ಅದು ನುಂಗಿಲ್ಲ.

ಮೂರು ವಾರದ ಮೇಲೆ ಆಪರೇಟರನ್ನು ಮರಳಿ ಕರೆಸಿದರು. ‘ಕ್ರಮವನ್ನು ಹಿಂಪಡೆಯಲಾಗಿದೆ’ ಎಂಬ ಒಂದು ಸಾಲು. ಕ್ಷಮೆಯ ಮಾತಿಲ್ಲ. ಅದೇ ವಾರ ಅಕ್ಕನಿಗೂ ಒಂದು ಕಾಗದ ಬಂತು, ಅನುಮತಿ ಇಲ್ಲದೆ ವಾರ್ಡಿನಿಂದ ಫೋನು ತೆಗೆದದ್ದಕ್ಕೆ ಕಾರಣ ಕೇಳಿ. ಅಕ್ಕ ಬರೆದ ಉತ್ತರವೂ ಒಂದೇ ಸಾಲು: ‘ಅದು ಫೋನಿನ ಕೆಲಸ ಮಾಡುತ್ತಿರಲಿಲ್ಲ.’

ಬಾಣಂತಿಗೆ ಆಸ್ಪತ್ರೆ ಹೇಳಿದ್ದು ಬೇರೆ ಕಥೆ. ನಿನ್ನ ಶರೀರದ ಸ್ಥಿತಿ ಹಾಗಿತ್ತಮ್ಮ ಎಂದು ಅವಳನ್ನು ನಂಬಿಸಿ ಕಳಿಸಿದ್ದರು. ನಾಲ್ಕು ತಿಂಗಳ ನಂತರ ಅವಳು ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದಳು. ಅಕ್ಕ ಓಣಿಯಲ್ಲಿ ಏಣಿಯ ಮೇಲಿದ್ದರು. ಇಳಿದು ಹತ್ತಿರ ಹೋದರು. ಹುಡುಗಿ ಕೃಶವಾಗಿದ್ದಳು, ಮಗು ಮಾತ್ರ ಗುಂಡುಗುಂಡಗೆ.

“ಒಬ್ಬನೇ ಸಾಕು ಬಿಡಿ,” ಎಂದಳಂತೆ ಅವಳು ಮಾತಿನ ನಡುವೆ. “ನನ್ನ ಮೈಯೇ ಸರಿ ಇರಲಿಲ್ಲ ಅಂದ್ರು. ಯಾರನ್ನ ಅನ್ನೋಣ?”

“ನಿನ್ನ ಮೈಯಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ ಮಗಳೇ,” ಎಂದರು ಅಕ್ಕ. “ನಾನು ಡಾಕ್ಟರಲ್ಲ. ಫೋನಿನಲ್ಲಿ ಏನಿತ್ತು ಅಂತ ನನಗೆ ಗೊತ್ತು.” ಕೂತು ಎಲ್ಲವನ್ನೂ ಹೇಳಿದರು. ಮೊಹರಿನ ಕಾಗದದ ಇನ್ನೊಂದು ಪ್ರತಿ ತಂದು ಅವಳ ಕೈಗಿಟ್ಟರು.

ಹುಡುಗಿ ಆಸ್ಪತ್ರೆಯ ಮೇಲೆ ದಾವೆ ಹೂಡಿದಳು, ಆ ಕಾಗದ ಈಗ ನ್ಯಾಯಾಲಯದಲ್ಲಿದೆ. ಕಚೇರಿಯ ಕಾಗದ ಹೊರಗಿನವರಿಗೆ ಕೊಟ್ಟರೆಂದು ಅಕ್ಕನ ಮೇಲೆ ಎರಡನೇ ನೋಟಿಸು ಬಂದಿದೆ. ಮನೆಯಲ್ಲಿ ಮಗಳು ಹಣೆ ಚಚ್ಚಿಕೊಂಡಿದ್ದಾಳೆ. “ಅಮ್ಮ, ಇನ್ನು ಒಂದು ವರ್ಷ ಅಷ್ಟೇ. ಕಣ್ಮುಚ್ಚಿಕೊಂಡು ಕಳೆದುಬಿಡಬಾರದಾ?”

“ಅವಳಿಗೆ ಏನಂದ್ರಿ?” ಎಂದು ಕೇಳಿದರೆ ಅಕ್ಕ ತಳ್ಳುಗಾಡಿ ನಿಲ್ಲಿಸುತ್ತಾರೆ. “ನಿನ್ನ ಹೆತ್ತಿದ್ದೂ ಆ ಹೆರಿಗೆ ವಾರ್ಡಿನಲ್ಲೇ ಕಣೇ ಅಂದೆ. ಅದು ನಾನು ಬರೆದ ಕಾಗದ, ಕಚೇರಿಯವರು ಓದದೇ ಬಿಟ್ಟಿದ್ದು. ಓದೋರಿಗೆ ಕೊಟ್ಟೆ. ಅದರಲ್ಲಿ ನನ್ನದೇನು ತಪ್ಪು?”

ಏಳು ಗಂಟೆಗೆ ಐದು ನಿಮಿಷವಿದೆ. ಮೆಟ್ಟಿಲಲ್ಲಿ ಡಾಕ್ಟರುಗಳ ಬೂಟಿನ ಸದ್ದು ಶುರುವಾಗಿದೆ. ಒಬ್ಬ ಯುವ ವೈದ್ಯ ಅಕ್ಕನನ್ನು ದಾಟುವಾಗ, ಫೋನಿನಲ್ಲಿ ತಲೆ ಹುದುಗಿಸಿಕೊಂಡೇ, “ಸ್ವಲ್ಪ ಜಾಗ ಬಿಡಮ್ಮ,” ಎನ್ನುತ್ತಾನೆ. ಅಕ್ಕ ಗೋಡೆಗೆ ಸರಿಯುತ್ತಾರೆ.

ಉಗ್ರಾಣದ ಗುಮಾಸ್ತ ನಿನ್ನೆ ಹೇಳಿದನಂತೆ, ಹೊಸ ಕಟ್ಟಡಕ್ಕೆ ಇನ್ನೂ ತೊಂಬತ್ತು ಫೋನು ಬರಲಿವೆ, ಬೇರೆ ಕಂಪನಿಯವು. ಈ ಸಲವೂ ಅಕ್ಕನನ್ನು ಯಾರೂ ಕೇಳಿಲ್ಲ.

ನಿವೃತ್ತಿಯಾಗಿ ಹೋಗುವ ಮುಂಚೆ ಏನಾಗಬೇಕು ಎಂದು ಕೇಳಿದಾಗ ಸನ್ಮಾನ, ಶಾಲು ಏನೂ ಅವರ ಬಾಯಲ್ಲಿ ಬರುವುದಿಲ್ಲ. “ಸಾಮಾನು ತರಿಸೋ ಫಾರಂ ಇದೆಯಲ್ಲ, ಅದರಲ್ಲಿ ಹನ್ನೊಂದು ಸಹಿ ಇರುತ್ತೆ. ಹನ್ನೊಂದು ಜನರಲ್ಲಿ ಒಬ್ಬರೂ ಒಂದು ಪಿನ್ನು ಸಿಕ್ಕಿಸಿ ನೋಡಿದವರಲ್ಲ. ಕೆಳಗೆ ಇನ್ನೊಂದು ಸಾಲು ಹಾಕ್ಲಿ. ‘ನಮ್ಮಲ್ಲಿರೋದಕ್ಕೆ ಜೋಡಿಸಿ ನೋಡಲಾಗಿದೆ’ ಅಂತ. ಅಲ್ಲಿ ನನ್ನ ಜಾಗಕ್ಕೆ ಬರೋರ ಸಹಿ ಇರಲಿ. ನನ್ನದು ಬೇಡ, ನಾನು ಹೋಗ್ತೀನಿ.”

ತಳ್ಳುಗಾಡಿಯನ್ನು ಲಿಫ್ಟಿನತ್ತ ತಿರುಗಿಸಿ, ಬಾಗಿಲು ತೆರೆಯುವವರೆಗೆ ನಿಂತು, ಆಮೇಲೆ ಸಿಟ್ಟಿಲ್ಲದ ದನಿಯಲ್ಲಿ ಇನ್ನೊಂದು ಮಾತು ಹೇಳುತ್ತಾರೆ:

“ಇವತ್ತಿನ ಮಟ್ಟಿಗೆ ಈ ಕಟ್ಟಡದಲ್ಲಿ ಯಾವ ಮೂಲೆಯಿಂದ ಕೂಗಿದ್ರೂ ಕೇಳಿಸುತ್ತೆ. ಅಷ್ಟು ನಾನು ಹೇಳಬಲ್ಲೆ.”